ಐವತ್ತು ಚೌಕಕ್ಕೆ ಎಷ್ಟು ಕಡ್ಡಿ? ಓದುಗರ ಪ್ರಶ್ನೆ, ಗಣಿತ ಮೇಡಂ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಂಖ್ಯೆಗಳ ವಿನ್ಯಾಸದ ಬಗ್ಗೆ, ಚಿಕ್ಕ ತರಗತಿಗಳಲ್ಲೇ ಮಕ್ಕಳನ್ನು ಬೀಜಗಣಿತದ ಕಡೆಗೆ ಕರೆದೊಯ್ಯುವುದರ ಬಗ್ಗೆ. ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಲೇ ನೌಕರಿ ಮುಗಿಸಿದವಳು ನಾನು. ಇದು ನನಗೆ ತೀರ ಹತ್ತಿರದ ವಿಷಯ. ಹಾಗಾಗಿ ಒಂದೆರಡು ಉತ್ತರಗಳು ಉದ್ದವಾಗಿವೆ, ತಾಳ್ಮೆಯಿಂದ ಓದಿ. ಕೈಯಲ್ಲಿ ಕಾಗದ, ಪೆನ್ಸಿಲ್ ಇದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮೇಡಂ, ನಾನು ನಾಲ್ಕನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತೇನೆ. 4, 7, 10, 13 ಎಂದು ಬೋರ್ಡಿನ ಮೇಲೆ ಬರೆದರೆ ಮುಂದಿನದು 16 ಅಂತ ಇಡೀ ತರಗತಿ ಕೂಗುತ್ತದೆ. ಐವತ್ತನೆಯದು ಎಷ್ಟು ಅಂದರೆ ಸದ್ದೇ ಇಲ್ಲ. ಒಂದಿಬ್ಬರು ಮೂರು ಮೂರು ಕೂಡಿಸುತ್ತಾ ಕೂರುತ್ತಾರೆ, ನಡುವೆ ಎಲ್ಲೋ ಲೆಕ್ಕ ತಪ್ಪುತ್ತದೆ. ಸೂತ್ರ ಹೇಳಿಕೊಟ್ಟುಬಿಡಲೇ?
(ಒಬ್ಬ ಶಿಕ್ಷಕಿ)

ಉತ್ತರ: ಸೂತ್ರ ಬೇಡ, ಕಡ್ಡಿ ಕೊಡಿ.

ನೀವು ಬರೆದ ಅಂಕಿಗಳಲ್ಲಿ ಮಕ್ಕಳಿಗೆ ಕಾಣುವುದು ಒಂದೇ ಸಂಗತಿ: ಪ್ರತಿ ಸಲ ಮೂರು ಹೆಚ್ಚುತ್ತದೆ. ಅದು ನಿಜವೇ. ಆದರೆ ಆ ಮೂರು ಎಲ್ಲಿಂದ ಬಂತು, ಮೊದಲನೆಯದು 3 ಆಗದೆ 4 ಯಾಕಾಯಿತು ಎಂದು ಕೇಳಿದರೆ ಬರೀ ಅಂಕಿಗಳು ಬಾಯಿ ಬಿಡುವುದಿಲ್ಲ. ಅದೇ ಅಂಕಿಗಳನ್ನು ಕಡ್ಡಿಗಳಲ್ಲಿ ಮಾಡಿಸಿ ನೋಡಿ. ನಾಲ್ಕು ಕಡ್ಡಿಯಲ್ಲಿ ಒಂದು ಚೌಕ. ಅದರ ಬಲಕ್ಕೆ ಅಂಟಿಕೊಂಡಂತೆ ಇನ್ನೊಂದು ಚೌಕ ಮಾಡಲು ಮೂರೇ ಕಡ್ಡಿ ಸಾಕು, ಯಾಕೆಂದರೆ ನಡುವಿನ ಕಡ್ಡಿ ಎರಡು ಚೌಕಕ್ಕೂ ಸೇರಿದ್ದು. ಹೀಗೆ ಸಾಲಾಗಿ ಜೋಡಿಸುತ್ತಾ ಹೋದರೆ 4, 7, 10, 13 ಬರುತ್ತದೆ. ಈಗ ಕೇಳಿ: ಐವತ್ತು ಚೌಕದ ಸಾಲಿಗೆ ಎಷ್ಟು ಕಡ್ಡಿ ಬೇಕು? ಕೈಯಲ್ಲಿ ಅಷ್ಟು ಕಡ್ಡಿ ಇರಬಾರದು. ಹತ್ತು ಹದಿನೈದು ಕಡ್ಡಿ ಮಾತ್ರ ಕೊಡಿ. ಎಣಿಸಲು ಸಾಧ್ಯವಿಲ್ಲ ಎಂದಾದ ಮೇಲೆಯೇ ಮಗು ನೋಡಲು ಶುರು ಮಾಡುವುದು.

ಸ್ವಲ್ಪ ಹೊತ್ತು ಬಿಟ್ಟರೆ ನಾಲ್ಕು ಬಗೆಯ ಉತ್ತರಗಳು ಬರುತ್ತವೆ. ಒಂದು ಮಗು ಹೇಳುತ್ತದೆ: ಎಡತುದಿಯ ನಿಂತ ಕಡ್ಡಿಯನ್ನು ಬೇರೆ ಇಟ್ಟುಬಿಟ್ಟರೆ ಆಮೇಲೆ ಪ್ರತಿ ಚೌಕಕ್ಕೂ ಮೂರು ಮೂರು, ಅಂದರೆ 1 + 3 × 50. ಇನ್ನೊಂದು: ಮೊದಲ ಚೌಕಕ್ಕೆ ನಾಲ್ಕು, ಉಳಿದ ನಲವತ್ತೊಂಬತ್ತಕ್ಕೆ ಮೂರು ಮೂರು, 4 + 3 × 49. ಮತ್ತೊಂದು: ಮೇಲೆ ಮಲಗಿದ ಕಡ್ಡಿ ಐವತ್ತು, ಕೆಳಗೆ ಐವತ್ತು, ನಿಂತ ಕಡ್ಡಿ ಐವತ್ತೊಂದು. ನಾಲ್ಕನೆಯ ಮಗು ಎಲ್ಲ ಚೌಕವನ್ನೂ ಬಿಡಿಬಿಡಿಯಾಗಿ ಕಲ್ಪಿಸಿಕೊಂಡು 4 × 50 ಎಂದು ಮಾಡಿ, ಎರಡೆರಡು ಸಲ ಎಣಿಸಿದ 49 ಕಡ್ಡಿಗಳನ್ನು ಕಳೆಯುತ್ತದೆ. ಎಲ್ಲಕ್ಕೂ 151.

ಇಲ್ಲಿ ದಯವಿಟ್ಟು ನಿಲ್ಲಿ. ಉತ್ತರ ಬಂತಲ್ಲ ಅಂತ ಮುಂದಿನ ಲೆಕ್ಕಕ್ಕೆ ಓಡಬೇಡಿ. ನಾಲ್ಕನ್ನೂ ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆದು, ಪ್ರತಿಯೊಂದನ್ನೂ ಅದನ್ನು ಕಂಡುಹಿಡಿದ ಮಗುವಲ್ಲದೆ ಬೇರೊಂದು ಮಗುವಿನಿಂದ ವಿವರಿಸಿ ಹೇಳಿಸಿ: ಇವಳ 49 ಚಿತ್ರದಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸು. ಇವನ 51 ಯಾಕೆ, 50 ಯಾಕಲ್ಲ? ನನ್ನ ಮಟ್ಟಿಗೆ ಬೀಜಗಣಿತ ಹುಟ್ಟುವ ಜಾಗ ಇದು. ಮುಂದೆ ಹೈಸ್ಕೂಲಿನಲ್ಲಿ ಚೌಕಗಳ ಸಂಖ್ಯೆಯನ್ನು ನ ಎಂದು ಕರೆದಾಗ ಅದೇ ಮಗು 3ನ + 1 ಕೂಡ 4 + 3(ನ − 1) ಕೂಡ ಒಂದೇ ಎಂದು ಕಾಣದೆ ಒದ್ದಾಡುತ್ತದಲ್ಲ, ಅದರ ಉತ್ತರ ನಾಲ್ಕನೇ ತರಗತಿಯ ಈ ನೆಲದ ಮೇಲೆ ಕಡ್ಡಿಗಳಲ್ಲಿ ಬಿದ್ದಿತ್ತು.

ಒಂದು ತಪ್ಪು ಉತ್ತರವೂ ಖಂಡಿತ ಬರುತ್ತದೆ. ಅದು ಬಂದರೆ ಸಂತೋಷಪಡಿ. ಹತ್ತು ಚೌಕಕ್ಕೆ 31 ಕಡ್ಡಿ ಎಂದು ಎಣಿಸಿ ಕಂಡುಕೊಂಡ ಮಗು, ಐವತ್ತಕ್ಕೆ ಅದರ ಐದರಷ್ಟು, ಅಂದರೆ 155 ಎನ್ನುತ್ತದೆ. ತಪ್ಪು ಅನ್ನಬೇಡಿ. ಹತ್ತು ಚೌಕದ ಐದು ಸಾಲುಗಳನ್ನು ಚಿತ್ರ ಬಿಡಿಸಿ, ಒಂದಕ್ಕೊಂದು ತಾಗಿಸಲು ಹೇಳಿ. ಸಾಲು ಸಾಲನ್ನು ಕೂಡುವ ಕಡೆ ಎರಡು ಕಡ್ಡಿ ಒಂದರ ಮೇಲೊಂದು ಬೀಳುತ್ತವೆ. ಅಂಥ ಕೂಡುವ ಜಾಗ ನಾಲ್ಕು. ನಾಲ್ಕು ಕಡ್ಡಿ ತೆಗೆದರೆ 151 ತಾನಾಗಿ ಬರುತ್ತದೆ! ಮಗುವಿನ ಯೋಚನೆ ಬಿದ್ದುಹೋಗಲಿಲ್ಲ, ಪೂರ್ತಿಯಾಯಿತು. ಇದಕ್ಕಿಂತ ಚೆನ್ನಾದ ತಿದ್ದುವಿಕೆ ನನಗೆ ಗೊತ್ತಿಲ್ಲ.

ಮಕ್ಕಳು ಕೋಷ್ಟಕ ಬರೆಯುವಾಗ ಒಂದು ಸಣ್ಣ ಉಪಾಯ ಮಾಡಿ. 1, 2, 3, 4 ಎಂದು ಕ್ರಮವಾಗಿ ಬರೆಸಿದರೆ ಕಣ್ಣು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಮೂರು ಕೂಡು, ಮೂರು ಕೂಡು ಎನ್ನುತ್ತದೆ. ಎಡಕ್ಕಿರುವ ಚೌಕದ ಸಂಖ್ಯೆಗೂ ಬಲಕ್ಕಿರುವ ಕಡ್ಡಿಯ ಸಂಖ್ಯೆಗೂ ಏನು ಸಂಬಂಧ ಎಂದು ಅಡ್ಡಡ್ಡ ನೋಡುವುದೇ ಇಲ್ಲ. ಕೋಷ್ಟಕದಲ್ಲಿ 1, 2, 5, 10, 23 ಎಂದು ಬಿಟ್ಟುಬಿಟ್ಟು ಕೊಡಿ. ಆಗ ಅಡ್ಡ ನೋಡದೆ ಬೇರೆ ದಾರಿಯಿಲ್ಲ. ಆಮೇಲೆ ತಿರುಗಿಸಿ ಕೇಳಿ: ನನ್ನ ಹತ್ತಿರ 100 ಕಡ್ಡಿ ಇದೆ, ಎಷ್ಟು ಚೌಕ ಆಗುತ್ತದೆ? ಎಡತುದಿಯ ಒಂದನ್ನು ತೆಗೆದಿಟ್ಟು ಉಳಿದ 99ನ್ನು ಮೂರರಿಂದ ಭಾಗಿಸಿದರೆ 33. ಹಾಗಾದರೆ 90 ಕಡ್ಡಿಗೆ? 29 ಚೌಕವಾಗಿ ಎರಡು ಕಡ್ಡಿ ಉಳಿಯುತ್ತದೆ. ಸಮೀಕರಣ ಬಿಡಿಸುವುದು ಎಂದರೆ ಇದೇ. ಹೆಸರು ಆಮೇಲೆ ಬರಲಿ.

ಪ್ರಶ್ನೆ: ನಮಸ್ತೆ ಮೇಡಂ. ನನ್ನ ಮಗ ಮೂರನೇ ತರಗತಿ. ಕೂಡುವುದು, ಕಳೆಯುವುದು ಚೆನ್ನಾಗಿ ಬರುತ್ತದೆ. ಆದರೆ 8 + 4 = □ + 5 ಎಂಬ ಲೆಕ್ಕದಲ್ಲಿ ಚೌಕದೊಳಗೆ 12 ಬರೆದ. ಅವನಿಗೆ ಪಾಠ ಹೇಳುವವರು ‘ಗಮನ ಇಲ್ಲ’ ಅಂದರು. ಗಮನ ಹೆಚ್ಚಿಸಲು ಏನು ಮಾಡಲಿ?
(ಒಬ್ಬ ತಾಯಿ)

ಉತ್ತರ: ನಿಮ್ಮ ಮಗನಿಗೆ ಗಮನ ಇದೆ. ಇಷ್ಟು ದಿನ ಕಲಿಸಿದ್ದನ್ನು ಗಮನವಿಟ್ಟು ಕಲಿತಿದ್ದಾನೆ, ಅದಕ್ಕೇ 12 ಬರೆದ.

ಒಂದನೇ ತರಗತಿಯಿಂದ ಅವನು ಕಂಡಿರುವ ಲೆಕ್ಕಗಳನ್ನು ನೆನಪಿಸಿಕೊಳ್ಳಿ. 3 + 2 = , 6 + 4 = , 9 − 5 = . ಎಡಗಡೆ ಮಾಡಬೇಕಾದ ಕೆಲಸ, ಬಲಗಡೆ ಖಾಲಿ ಜಾಗ. ಹಾಗಾಗಿ ಸಮ ಚಿಹ್ನೆ ಎಂದರೆ ‘ಈಗ ಉತ್ತರ ಬರಿ’ ಎನ್ನುವ ಅಪ್ಪಣೆ ಎಂದುಕೊಂಡಿದ್ದಾನೆ. ಕ್ಯಾಲ್ಕುಲೇಟರಿನಲ್ಲೂ ಆ ಗುಂಡಿ ಒತ್ತಿದರೆ ಉತ್ತರವೇ ಬರುವುದು. ಇದು ಅವನೊಬ್ಬನ ಕಥೆಯಲ್ಲ. ನೀವು ಬರೆದ ಇದೇ ಲೆಕ್ಕವನ್ನು ಅಮೆರಿಕದಲ್ಲಿ ಆರನೇ ತರಗತಿಯ 145 ಮಕ್ಕಳಿಗೆ ಕೊಟ್ಟು ನೋಡಿದ್ದಾರೆ. 1999ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅಷ್ಟೂ ಮಕ್ಕಳು 12 ಅಥವಾ 17 ಎಂದರು. ಒಬ್ಬರೂ 7 ಅನ್ನಲಿಲ್ಲ. ಆರನೇ ತರಗತಿಯ ಮಕ್ಕಳು! ಕೂಡಲು ಬಾರದವರಲ್ಲ. ಎರಡು ಕಡೆಯೂ ಒಂದೇ ತೂಕ ಇರಬೇಕು ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ.

ಮನೆಯಲ್ಲಿ ನೀವೇ ಮಾಡಬಹುದಾದದ್ದು ಹೇಳುತ್ತೇನೆ. ಸಮ ಚಿಹ್ನೆಯನ್ನು ತಕ್ಕಡಿಯ ನಡುಮುಳ್ಳು ಅಂತ ಹೇಳಿ, ಎರಡು ತಟ್ಟೆಯ ಚಿತ್ರ ಬಿಡಿಸಿ. ಆಮೇಲೆ ಲೆಕ್ಕ ಕೊಡಬೇಡಿ, ವಾಕ್ಯ ಕೊಟ್ಟು ‘ಸರಿಯೋ ತಪ್ಪೋ’ ಎಂದಷ್ಟೇ ಕೇಳಿ. 7 = 7. ಬಹಳ ಮಕ್ಕಳು ಇದನ್ನೇ ತಪ್ಪು ಎನ್ನುತ್ತಾರೆ, ಲೆಕ್ಕವೇ ಇಲ್ಲವಲ್ಲ ಅಂತ. 9 = 4 + 5. ಇದು ತಿರುಗುಮುರುಗಾಗಿದೆ ಎನ್ನುತ್ತಾರೆ. 3 + 4 = 4 + 3. 8 + 4 = 6 + 6. ಒಂದೊಂದಕ್ಕೂ ಯಾಕೆ ಎಂದು ಕೇಳಿ, ಅವನು ಮಾತಾಡಲಿ. ಎರಡು ಮೂರು ವಾರ ದಿನಕ್ಕೆ ಒಂದೋ ಎರಡೋ ಸಾಕು, ಊಟದ ಮುಂಚೆಯೋ ಮಲಗುವ ಮುಂಚೆಯೋ.

ಅದು ಕೂತ ಮೇಲೆ ಇದನ್ನು ಕೊಡಿ: 37 + 56 = 39 + 54. ಕೂಡಿಸಬಾರದು, ನೋಡಿಯೇ ಹೇಳಬೇಕು. 37ರಿಂದ 39ಕ್ಕೆ ಎರಡು ಹೆಚ್ಚಿತು, 56ರಿಂದ 54ಕ್ಕೆ ಎರಡು ತಗ್ಗಿತು, ಆದ್ದರಿಂದ ಸರಿ. ಹೀಗೆ ಹೇಳುವ ಮಗು ಸಂಖ್ಯೆಗಳ ನಡುವಿನ ನಂಟನ್ನು ನೋಡುತ್ತಿದೆ. ಬಾಯಿಲೆಕ್ಕವೂ ಇದರಿಂದಲೇ ಚುರುಕಾಗುವುದು: 48 + 27 ಕೊಟ್ಟರೆ 50 + 25 ಮಾಡಿಕೊಳ್ಳುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ. ‘ಒಂದು ಕಡೆ ಏರಿದಷ್ಟು ಇನ್ನೊಂದು ಕಡೆ ಇಳಿಯಬೇಕು’ ಎನ್ನುವುದು ಮಂತ್ರವಾಗಿಬಿಟ್ಟರೆ ಅಪಾಯ. 83 − 38 = 85 − □ ಕೊಡಿ. ಮಂತ್ರ ಹಿಡಿದ ಮಗು 36 ಎನ್ನುತ್ತದೆ. ಸರಿಯುತ್ತರ 40. ಕಳೆಯುವಾಗ ಎರಡೂ ಒಟ್ಟಿಗೇ ಏರಬೇಕು. ಯಾಕೆ? ಉದ್ದಕ್ಕೊಂದು ಗೆರೆ ಎಳೆದು 38 ಮತ್ತು 83ನ್ನು ಗುರುತು ಮಾಡಿ. ವ್ಯತ್ಯಾಸ ಎಂದರೆ ಅವೆರಡರ ನಡುವಿನ ದೂರ. ಎರಡು ಗುರುತನ್ನೂ ಬಲಕ್ಕೆ ಎರಡೆರಡು ಸರಿಸಿದರೆ ದೂರ ಅಷ್ಟೇ ಉಳಿಯುತ್ತದೆ. ಈ ಗೆರೆಯನ್ನು ಒಮ್ಮೆ ಕಂಡ ಮಗು ಮರೆಯುವುದಿಲ್ಲ.

ಕೊನೆಯದು, ಇದು ಪಾಠ ಹೇಳುವವರಿಗೂ ಸೇರಿ. 5 + 3 = 8 + 2 = 10 ಎಂದು ಒಂದೇ ಉಸಿರಿನಲ್ಲಿ ಬರೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. 5 + 3 ಯಾವತ್ತೂ 10 ಆಗುವುದಿಲ್ಲ. 5 + 3 = 8 ಒಂದು ಸಾಲು, 8 + 2 = 10 ಇನ್ನೊಂದು ಸಾಲು. ದೊಡ್ಡವರ ಕೈಬರಹವನ್ನು ಮಕ್ಕಳು ನಮ್ಮ ಮಾತಿಗಿಂತ ಹೆಚ್ಚು ನಂಬುತ್ತಾರೆ.

ಪ್ರಶ್ನೆ: ವಾರಕ್ಕೆ ಎಷ್ಟು ಪ್ಯಾಟರ್ನ್ ವರ್ಕ್‌ಶೀಟ್ ಮಾಡಿಸಬೇಕು ಮೇಡಂ?
(ಎರಡನೇ ತರಗತಿಯ ಶಿಕ್ಷಕ)

ಉತ್ತರ: ಲೆಕ್ಕವಿಟ್ಟು ಮಾಡಿಸುವಂಥದ್ದಲ್ಲ ಇದು. 2, 4, __ ಎಂದು ಖಾಲಿ ಬಿಟ್ಟ ಹಾಳೆಗಳಲ್ಲಿ ದೊಡ್ಡ ದೋಷವೇ ಇದೆ: 6 ಬರೆದ ಮಗು ಎರಡು ಕೂಡಿಸಿತು, 8 ಬರೆದ ಮಗು ಎರಡರಷ್ಟು ಮಾಡಿತು. ಇಬ್ಬರೂ ಸರಿ. ನಿಯಮ ಏನು ಎಂದು ಕೇಳದೆ 8ಕ್ಕೆ ತಪ್ಪು ಗುರುತು ಹಾಕುವುದು ಅನ್ಯಾಯ.

ನಿಮ್ಮ ತರಗತಿಗೆ ಕೆಂಪು, ನೀಲಿ, ನೀಲಿ, ಕೆಂಪು, ನೀಲಿ, ನೀಲಿ ಎಂಬ ಮಣಿಸರ ಒಂದೇ ಒಂದು ಸಾಕು. ಎಲ್ಲಿಂದ ಎಲ್ಲಿಯವರೆಗಿನ ತುಂಡು ಮತ್ತೆ ಮತ್ತೆ ಬರುತ್ತಿದೆ ಎಂದು ಕೈಯಿಟ್ಟು ತೋರಿಸಲಿ. ಆಮೇಲೆ ಹನ್ನೆರಡನೆಯ ಮಣಿ ಯಾವ ಬಣ್ಣ, ಇಪ್ಪತ್ತನೆಯದು ಯಾವುದು ಎಂದು ಕೇಳಿ. ಮೂರರ ಮಗ್ಗಿಯಲ್ಲಿ ಬರುವ ಜಾಗದಲ್ಲೆಲ್ಲ ತುಂಡು ಮುಗಿಯುತ್ತದೆ ಎಂದು ಯಾವುದೋ ಒಂದು ಮಗು ಕಂಡುಹಿಡಿಯುತ್ತದೆ. ಐವತ್ತನೆಯದಕ್ಕೆ 48ರವರೆಗೆ ತುಂಡುಗಳು ಪೂರ್ತಿಯಾದವು, 49 ಕೆಂಪು, 50 ನೀಲಿ. ಭಾಗಾಕಾರದ ಶೇಷ ಎಂಬುದಕ್ಕೆ ಏನು ಅರ್ಥ ಎಂದು ಮುಂದೆ ಇವರಿಗೆ ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಅಮ್ಮಾ, ನಾನು ನಿವೃತ್ತ ನೌಕರ. ನಾವು ಓದುವಾಗ ಬೀಜಗಣಿತ ದೊಡ್ಡ ತರಗತಿಗೆ ಬಂದ ಮೇಲೆ ಶುರುವಾಗುತ್ತಿತ್ತು. ಮೊಮ್ಮಗಳಿಗೆ ಈಗಲೇ, ಏಳು ವರ್ಷಕ್ಕೆ, ಇದೆಲ್ಲ ಬೇಕೆ? ಮಗ್ಗಿ ಗಟ್ಟಿಯಾದರೆ ಸಾಲದೇ?
(ಒಬ್ಬ ಅಜ್ಜ)

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ ಸರ್. ಏಳು ವರ್ಷದ ಮಗುವಿಗೆ ಅಕ್ಷರ ಹಾಕಿ ಸಮೀಕರಣ ಬಿಡಿಸು ಎಂದರೆ ನಾನೇ ತಡೆಯುತ್ತೇನೆ. ಆದರೆ ಬೀಜಗಣಿತ ಎಂದರೆ ಅಕ್ಷರಗಳಲ್ಲ. ಅಕ್ಷರಗಳು ಬಂದದ್ದೇ ಬಹಳ ತಡವಾಗಿ. ಫ್ರಾನ್ಸಿನ ವಿಯೆಟ್ ಅಕ್ಷರಗಳನ್ನು ಕ್ರಮಬದ್ಧವಾಗಿ ಬಳಸಿದ್ದು 1591ರಲ್ಲಿ. ನಾವು ಬಳಸುವ ಎಕ್ಸ್, ವೈ, ಝಡ್ ರೂಢಿ ದೆಕಾರ್ತ್ 1637ರಲ್ಲಿ ತಂದದ್ದು. ಸಮ ಚಿಹ್ನೆ ಕೂಡ 1557ರದ್ದು, ರಾಬರ್ಟ್ ರೆಕಾರ್ಡ್ ಎಂಬಾತ ಎರಡು ಸಮಾನಾಂತರ ಗೆರೆ ಎಳೆದ, ಅದಕ್ಕಿಂತ ಸಮವಾದ ಎರಡು ವಸ್ತು ಬೇರೆ ಇಲ್ಲ ಎಂಬ ಕಾರಣಕ್ಕೆ. ಅದಕ್ಕೂ ಎಷ್ಟೋ ಮೊದಲು, 628ರಲ್ಲಿ, ಬ್ರಹ್ಮಗುಪ್ತರು ಗೊತ್ತಿಲ್ಲದ ಸಂಖ್ಯೆಗಳನ್ನು ಬಣ್ಣಗಳ ಹೆಸರಿನಿಂದ ಕರೆದಿದ್ದರು. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರಲ್ಲೂ ಹಾಗೆಯೇ: ಮೊದಲನೆಯ ಅವ್ಯಕ್ತ (ಗೊತ್ತಿಲ್ಲದ ಸಂಖ್ಯೆ) ‘ಯಾವತ್ತಾವತ್’, ಆಮೇಲಿನವು ಕಾಲಕ, ನೀಲಕ, ಪೀತಕ, ಅಂದರೆ ಕಪ್ಪು, ನೀಲಿ, ಹಳದಿ.

ಇದನ್ನು ಓದಿದಾಗಲೆಲ್ಲ ನನಗೆ ಚಿಕ್ಕ ಮಕ್ಕಳೇ ಕಣ್ಣಮುಂದೆ ಬರುತ್ತಾರೆ. ನೀಲಿ ಡಬ್ಬಿಯೊಳಗೆ ಒಂದು ಸಂಖ್ಯೆ ಅಡಗಿದೆ, ಹಳದಿ ಡಬ್ಬಿಯೊಳಗೆ ಇನ್ನೊಂದು, ಎರಡೂ ಸೇರಿ 10, ಒಳಗೆ ಏನೇನಿರಬಹುದು ಎಂದು ಏಳು ವರ್ಷದವಳನ್ನು ಕೇಳಿ ನೋಡಿ. ಅವಳು ಎಲ್ಲ ಜೋಡಿಗಳನ್ನೂ ಪಟ್ಟಿ ಮಾಡುತ್ತಾಳೆ. 0 ಮತ್ತು 10 ಸೇರಿಸಬಹುದೇ ಎಂದು ಅವಳೇ ಕೇಳುತ್ತಾಳೆ. ನೀಲಿ ಒಂದು ಹೆಚ್ಚಿದರೆ ಹಳದಿ ಒಂದು ಕಡಿಮೆಯಾಗುವುದನ್ನು ಕಾಣುತ್ತಾಳೆ. ಇಷ್ಟಕ್ಕೆ ವಯಸ್ಸಾಗಬೇಕಿಲ್ಲ.

ಇನ್ನು ಮಗ್ಗಿ. ಗಟ್ಟಿಯಾಗಬೇಕು, ಅದರಲ್ಲಿ ನಾನು ನಿಮ್ಮ ಕಡೆಯೇ. ಆದರೆ ಒಂಬತ್ತರ ಮಗ್ಗಿ ಒಪ್ಪಿಸಿದ ಮೇಲೆ ಅಲ್ಲಿಗೇ ಬಿಡಬೇಡಿ. 9, 18, 27, 36: ಹತ್ತರ ಸ್ಥಾನ ಏರುತ್ತದೆ, ಬಿಡಿಸ್ಥಾನ ಇಳಿಯುತ್ತದೆ, ಯಾಕೆ ಪುಟ್ಟಿ ಅಂತ ಕೇಳಿ. ಒಂಬತ್ತು ಕೂಡುವುದೆಂದರೆ ಹತ್ತು ಕೂಡಿ ಒಂದು ಕಳೆಯುವುದು ಎಂದು ಅವಳ ಬಾಯಿಂದ ಬರಲಿ. ನೀವು ಹೇಳಿಕೊಡಬೇಡಿ, ಕಾಯಿರಿ. ಕಾಯುವ ತಾಳ್ಮೆ ಅಜ್ಜಂದಿರಿಗೆ ಇರುವಷ್ಟು ನಮಗೆ ಶಿಕ್ಷಕರಿಗೆ ತರಗತಿಯ ಗಡಿಬಿಡಿಯಲ್ಲಿ ಸಿಗುವುದಿಲ್ಲ.

ಪ್ರಶ್ನೆ: ಮೇಡಂ, ಐದನೇ ತರಗತಿಯಲ್ಲಿ ಅಕ್ಷರ ಪರಿಚಯಿಸುವಾಗ ‘ಪ ಎಂದರೆ ಪೆನ್ಸಿಲ್, 3ಪ ಎಂದರೆ ಮೂರು ಪೆನ್ಸಿಲ್’ ಎಂದು ಹೇಳಿಕೊಡುತ್ತೇನೆ. ಮಕ್ಕಳಿಗೆ ಬೇಗ ಹತ್ತುತ್ತದೆ. ನಮ್ಮ ಸಹೋದ್ಯೋಗಿಯೊಬ್ಬರು ಅದು ಸರಿಯಲ್ಲ ಅನ್ನುತ್ತಾರೆ. ಯಾಕೆ?
(ಒಬ್ಬ ಶಿಕ್ಷಕ)

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಬೇಗ ಹತ್ತುತ್ತದೆ ನಿಜ, ಆದರೆ ಮುಂದೆ ಬಿಡಿಸುವುದು ಕಷ್ಟ. ಅಕ್ಷರ ನಿಲ್ಲುವುದು ಸಂಖ್ಯೆಯ ಬದಲಿಗೆ, ವಸ್ತುವಿನ ಬದಲಿಗಲ್ಲ. ಪ ಎಂದರೆ ಪೆನ್ಸಿಲ್ ಆದರೆ, ಪ × ಪ ಎಂದರೇನು? ಪೆನ್ಸಿಲನ್ನು ಪೆನ್ಸಿಲಿನಿಂದ ಗುಣಿಸುವುದೇ? ಮಗು ಅಲ್ಲಿ ಕಂಗಾಲಾಗುತ್ತದೆ.

ಈ ಗೊಂದಲ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಲೆಕ್ಕವಿದೆ. ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆ ವ, ಪ್ರಾಧ್ಯಾಪಕರ ಸಂಖ್ಯೆ ಪ. ಸಮೀಕರಣ ಬರೆಯಿರಿ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದನ್ನು ಕೊಟ್ಟಾಗ ಮೂರರಲ್ಲೊಂದು ಭಾಗಕ್ಕೂ ಹೆಚ್ಚಿನವರು ತಪ್ಪಾಗಿ ಬರೆದರು. ತಪ್ಪಿದವರಲ್ಲಿ ಹೆಚ್ಚಿನವರು ಬರೆದದ್ದು 6ವ = ಪ. ಆರು ವಿದ್ಯಾರ್ಥಿಗೆ ಒಬ್ಬ ಪ್ರಾಧ್ಯಾಪಕ ಎಂದು ಅಕ್ಷರವನ್ನು ಹೆಸರಿನಂತೆ ಓದಿಕೊಂಡರು. ಸಂಖ್ಯೆ ಇಟ್ಟು ನೋಡಿದರೆ ತಿಳಿಯುತ್ತದೆ: ಪ್ರಾಧ್ಯಾಪಕರು 10 ಆದರೆ ವಿದ್ಯಾರ್ಥಿಗಳು 60, ಆದ್ದರಿಂದ ವ = 6ಪ.

ಅಕ್ಷರಕ್ಕೆ ಬರುವ ಮೊದಲು ಮಕ್ಕಳಿಗೆ ಮನಸ್ಸಿನಲ್ಲಿ ಸಂಖ್ಯೆ ನೆನೆಸಿಕೊಳ್ಳುವ ಆಟ ಆಡಿಸಿ. ಒಂದು ಸಂಖ್ಯೆ ನೆನೆಸಿಕೋ. 5 ಕೂಡು. ಬಂದದ್ದನ್ನು ಎರಡರಷ್ಟು ಮಾಡು. 4 ಕಳೆ. ಅರ್ಧ ಮಾಡು. ಮೊದಲು ನೆನೆಸಿಕೊಂಡಿದ್ದನ್ನು ಕಳೆ. ಎಲ್ಲರಿಗೂ 3! ತರಗತಿ ಬೆರಗಾಗುತ್ತದೆ. ‘ಮ್ಯಾಜಿಕ್’ ಎಂದು ಬಿಟ್ಟುಬಿಡಬೇಡಿ. ನೆನೆಸಿಕೊಂಡ ಸಂಖ್ಯೆ ನನಗೆ ಗೊತ್ತಿಲ್ಲ, ಅದಕ್ಕೊಂದು ಚೀಲದ ಚಿತ್ರ ಬಿಡಿಸುತ್ತೇನೆ ಎಂದು ಹೇಳಿ. ಒಂದು ಚೀಲ, ಪಕ್ಕದಲ್ಲಿ ಐದು ಚುಕ್ಕಿ. ಎರಡರಷ್ಟು ಮಾಡಿದರೆ ಎರಡು ಚೀಲ, ಹತ್ತು ಚುಕ್ಕಿ. ನಾಲ್ಕು ಅಳಿಸಿ, ಆರು ಚುಕ್ಕಿ ಉಳಿಯಿತು. ಅರ್ಧ ಮಾಡಿದರೆ ಒಂದು ಚೀಲ, ಮೂರು ಚುಕ್ಕಿ. ಚೀಲ ತೆಗೆದುಬಿಟ್ಟರೆ ಮೂರೇ ಚುಕ್ಕಿ. ಚೀಲದೊಳಗೆ ಏನಿದ್ದರೂ ಲೆಕ್ಕ ನಡೆಯಿತು. ಇನ್ನು ಆ ಚೀಲವನ್ನು ಸಲಸಲಕ್ಕೂ ಬಿಡಿಸಲು ಬೇಸರವಾಗಿ ಮಕ್ಕಳೇ ಏನಾದರೂ ಸಣ್ಣ ಗುರುತು ಹಾಕಲು ಕೇಳುತ್ತಾರೆ. ಅಕ್ಷರ ಬರಬೇಕಾದ್ದು ಆಗ. ಮಾರನೆಯ ದಿನ ಎಲ್ಲರಿಗೂ 7 ಬರುವಂಥ ಆಟವೊಂದನ್ನು ಅವರೇ ಕಟ್ಟಿಕೊಂಡು ಬರಲಿ. ಕಳೆಯುವ ನಾಲ್ಕನ್ನು ಯಾವುದಕ್ಕೆ ಬದಲಿಸಬೇಕು ಅಥವಾ ಕೂಡುವ ಐದನ್ನು ಎಷ್ಟು ಮಾಡಬೇಕು ಎಂದು ಚರ್ಚೆ ನಡೆಯುವುದನ್ನು ನೀವು ಸುಮ್ಮನೆ ನಿಂತು ಕೇಳಿ.

ಪ್ರಶ್ನೆ: ಮೇಡಂ, ನಾನು ಐದನೇ ಕ್ಲಾಸ್. ಎರಡು ಬೆಸಸಂಖ್ಯೆ ಕೂಡಿದರೆ ಯಾವಾಗಲೂ ಸಮಸಂಖ್ಯೆ ಬರುತ್ತದೆ ಅಂತ ನಾನು ಹೇಳಿದೆ. ನನ್ನ ಗೆಳತಿ ‘ಎಲ್ಲ ಸಂಖ್ಯೆ ನೋಡಿದ್ದೀಯಾ?’ ಅಂದಳು. ನಾನು ಬಹಳ ನೋಡಿದೆ, ಆದರೆ ಎಲ್ಲ ನೋಡಲು ಆಗಲಿಲ್ಲ. ಈಗ ಏನು ಮಾಡಲಿ?
(ಒಬ್ಬ ವಿದ್ಯಾರ್ಥಿನಿ)

ಉತ್ತರ: ಮಗಳೇ, ಈ ಸಲದ ಎಲ್ಲ ಪತ್ರಗಳಲ್ಲಿ ನಿನ್ನದನ್ನೇ ನಾನು ಹೆಚ್ಚು ಸಲ ಓದಿದ್ದು. ನಿನ್ನ ಗೆಳತಿ ಕೇಳಿದ್ದು ಗಣಿತದಲ್ಲಿ ಕೇಳಬೇಕಾದ ಪ್ರಶ್ನೆ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ.

ಎಲ್ಲ ಸಂಖ್ಯೆಗಳನ್ನು ನೋಡಲು ಯಾರಿಗೂ ಆಗುವುದಿಲ್ಲ, ಅವು ಮುಗಿಯುವುದೇ ಇಲ್ಲವಲ್ಲ. ಆದರೆ ಎಲ್ಲ ಬೆಸಸಂಖ್ಯೆಗಳ ಗುಣ ಒಂದೇ ಎಂದು ನೋಡಬಹುದು. 7 ಚುಕ್ಕಿ ಇಡು. ಎರಡೆರಡರ ಜೋಡಿ ಮಾಡು. ಮೂರು ಜೋಡಿ, ಒಂದು ಚುಕ್ಕಿ ಒಂಟಿ. 11 ಇಡು. ಐದು ಜೋಡಿ, ಒಂದು ಒಂಟಿ. ಬೆಸಸಂಖ್ಯೆ ಎಂದರೇನೇ ಜೋಡಿ ಮಾಡಿದಾಗ ಒಂದು ಒಂಟಿಯಾಗಿ ಉಳಿಯುವುದು. ಈಗ ಎರಡನ್ನೂ ಕೂಡಿಸು. ಈ ಕಡೆಯ ಒಂಟಿ, ಆ ಕಡೆಯ ಒಂಟಿ ಸೇರಿ ಜೋಡಿಯಾದವು. ಯಾವುದೂ ಒಂಟಿ ಉಳಿಯಲಿಲ್ಲ, ಆದ್ದರಿಂದ ಸಮಸಂಖ್ಯೆ. ಇದರಲ್ಲಿ 7 ಅಥವಾ 11ರ ಮಾತೇ ಇಲ್ಲ, ನೋಡಿದೆಯಾ? ಎಷ್ಟು ದೊಡ್ಡ ಬೆಸಸಂಖ್ಯೆ ತಂದರೂ ಇದೇ ಆಗುತ್ತದೆ. ನಿನ್ನ ಗೆಳತಿಗೆ ಇದನ್ನು ಚುಕ್ಕಿ ಇಟ್ಟು ತೋರಿಸು. ಮೂರು ಬೆಸಸಂಖ್ಯೆ ಕೂಡಿದರೆ ಏನಾಗುತ್ತದೆ ಎಂದು ಅವಳನ್ನೇ ಕೇಳು.

ಇನ್ನೊಂದು ಕೊಡುತ್ತೇನೆ. 7 × 7 = 49, 6 × 8 = 48. 5 × 5 = 25, 4 × 6 = 24. 10 × 10 = 100, 9 × 11 = 99. ಪ್ರತಿ ಸಲವೂ ಒಂದು ಕಡಿಮೆ. ಏಳು ಸಾಲು, ಸಾಲಿಗೆ ಏಳು ಚುಕ್ಕಿ ಇಡು. ಕೆಳಗಿನ ಸಾಲನ್ನು ಪೂರ್ತಿ ತೆಗೆದು ಬಲಪಕ್ಕದಲ್ಲಿ ನಿಲ್ಲಿಸಲು ನೋಡು. ಈಗ ಉಳಿದಿರುವುದು ಆರೇ ಸಾಲು, ನಿನ್ನ ಕೈಯಲ್ಲಿರುವುದು ಏಳು ಚುಕ್ಕಿ. ಯಾಕೆ ಒಂದು ಕಡಿಮೆ ಎಂದು ಈಗ ನೀನೇ ಹೇಳುತ್ತೀಯ.

ನಿನ್ನ ಗೆಳತಿಯ ಪ್ರಶ್ನೆ ಯಾಕೆ ಅಷ್ಟು ಮುಖ್ಯ ಎಂದು ತಿಳಿಯಬೇಕಾದರೆ ಇಬ್ಬರೂ ಕೂತು ಇದನ್ನು ಮಾಡಿ. ಒಂದು ದೊಡ್ಡ ವೃತ್ತ ಎಳೆಯಿರಿ. ಅದರ ಅಂಚಿನ ಮೇಲೆ ಎರಡು ಬಿಂದು ಇಟ್ಟು ಗೆರೆಯಿಂದ ಸೇರಿಸಿದರೆ ಒಳಗೆ 2 ಭಾಗ. ಮೂರು ಬಿಂದು ಇಟ್ಟು ಪ್ರತಿಯೊಂದನ್ನೂ ಪ್ರತಿಯೊಂದಕ್ಕೆ ಸೇರಿಸಿದರೆ 4 ಭಾಗ. ನಾಲ್ಕು ಬಿಂದುವಿಗೆ 8. ಐದಕ್ಕೆ 16. ಒಂದೇ ಬಿಂದುವಿದ್ದರೆ ಗೆರೆಯೇ ಇಲ್ಲ, ಆಗ 1. ಹಾಗಾದರೆ 1, 2, 4, 8, 16. ಆರು ಬಿಂದುವಿಗೆ ಎಷ್ಟು? 32 ಅನ್ನಿಸುತ್ತದೆಯಲ್ಲವೇ? ಬರುವುದು 31. ನಾನು ಹೇಳಿದೆ ಅಂತ ನಂಬಬೇಡ, ಬಿಡಿಸಿ ಎಣಿಸು. ಬಿಂದುಗಳನ್ನು ಸಮದೂರದಲ್ಲಿ ಇಡಬೇಡ, ಮೂರು ಗೆರೆ ಒಂದೇ ಕಡೆ ಕೂಡಿ ನಡುವಿನ ಒಂದು ಭಾಗ ಮಾಯವಾಗಿಬಿಡುತ್ತದೆ. ವೃತ್ತ ಪುಟದ ತುಂಬ ಇರಲಿ, ಪೆನ್ಸಿಲ್ ಚೂಪಾಗಿರಲಿ, ಎಣಿಸಿದ ಪ್ರತಿ ಭಾಗದೊಳಗೂ ಅದರ ಸಂಖ್ಯೆ ಬರೆಯುತ್ತಾ ಹೋಗು. ಎಣಿಕೆ ಮುಗಿದ ಮೇಲೆ ಆ ಹಾಳೆಯನ್ನು ನನಗೆ ಕಳಿಸು.